ಬ್ರಾಂಚ್ ಬುಡದಲ್ಲಿ ಮೂರನೇ ಸಲ ಬಿರುಕು: ಟೀ, ಪ್ಯಾಡ್, ವೆಲ್ಡೋಲೆಟ್‌ಗಳಲ್ಲಿ ಫಟೀಗ್ ತಡೆಯುವುದು ಯಾವುದು?

ಶಿಫ್ಟ್_ಎಂಜಿನಿಯರ್

ಎಲ್ಲರಿಗೂ ನಮಸ್ಕಾರ. ಕರಾವಳಿಯ ಒಂದು ಪ್ಲಾಂಟ್‌ನಲ್ಲಿ ಮೇಂಟೆನೆನ್ಸ್ ವಿಭಾಗದಲ್ಲಿದ್ದೇನೆ. ಸೇರಿ ಎರಡು ವರ್ಷ ಆಯಿತು. ಒಂದು ತೊಂದರೆ ಈ ವರ್ಷವಿಡೀ ಬೆನ್ನು ಬಿಟ್ಟಿಲ್ಲ. ಅನುಭವ ಇರುವವರು ದಾರಿ ತೋರಿಸಬೇಕು.

ರೆಸಿಪ್ರೊಕೇಟಿಂಗ್ (ಪಿಸ್ಟನ್ ಹಿಂದೆ ಮುಂದೆ ಓಡುವ) ಕಂಪ್ರೆಸರ್ ಒಂದಿದೆ. 600 ಆರ್‌ಪಿಎಂ, ಡಬಲ್ ಆಕ್ಟಿಂಗ್. ಅದರ ಡಿಸ್ಚಾರ್ಜ್ ಲೈನ್ ಆರಿಂಚು, ಶೆಡ್ಯೂಲ್ (ಗೋಡೆ ದಪ್ಪದ ದರ್ಜೆ) 40. ಕೆಳಗಡೆ ಒಂದಿಂಚಿನ ಡ್ರೈನ್ ತೆಗೆದಿದ್ದಾರೆ. ಹೆಡರ್ (ಮುಖ್ಯ ಪೈಪ್) ಮೇಲೆ ಸಾಕೋಲೆಟ್ (ಪೈಪ್ ತೂರಿಸಿ ವೆಲ್ಡ್ ಮಾಡುವ ಬಾಯಿ ಇರುವ ಬ್ರಾಂಚ್ ಫಿಟ್ಟಿಂಗ್), ಅದಕ್ಕೆ ಶೆಡ್ಯೂಲ್ 80 ಪೈಪ್ ಸುಮಾರು 300 ಮಿ.ಮೀ., ತುದಿಗೆ ಫ್ಲೇಂಜ್ ಇರುವ ಗೇಟ್ ವಾಲ್ವ್, ಅದಕ್ಕೊಂದು ಬ್ಲೈಂಡ್ (ಮುಚ್ಚುವ ತಟ್ಟೆ). ಸಪೋರ್ಟ್ ಏನೂ ಇಲ್ಲ.

ಮೊದಲ ಸಲ ಬಿರುಕು ಬಿಟ್ಟಿದ್ದು ಐದು ತಿಂಗಳಿಗೆ. ಗ್ರೈಂಡ್ ಮಾಡಿ ವೆಲ್ಡ್ ಹಾಕಿದೆವು. ಎರಡನೇ ಸಲ ಏಳು ವಾರಕ್ಕೇ ಬಂತು. ಮತ್ತೆ ಅದೇ ರಿಪೇರಿ. ಈಗ ಮೂರನೇ ಸಲ, ಮೂರು ವಾರವೂ ಆಗಿರಲಿಲ್ಲ. ಒಳಗಿರುವುದು ಉರಿಯುವ ಗ್ಯಾಸ್. ಸ್ಟ್ಯಾಂಡ್‌ಬೈ ಮೆಷಿನ್ ಓಡಿಸಿ ಇದನ್ನು ನಿಲ್ಲಿಸಿದ್ದೇವೆ.

ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಶೆಡ್ಯೂಲ್ 160 ಹಾಕು ಅಂತ ಒಬ್ಬರು. ಬುಡದ ಸುತ್ತ ಪ್ಯಾಡ್ (ಬಲಕ್ಕೆ ಹಾಕುವ ತಗಡು) ಕೊಡು ಅಂತ ಇನ್ನೊಬ್ಬರು. ಸಾಕೋಲೆಟ್ ತೆಗೆದು ವೆಲ್ಡೋಲೆಟ್ ಹಾಕಿ ಬಟ್ ವೆಲ್ಡ್ (ತುದಿಗೆ ತುದಿ ಸೇರಿಸಿದ ವೆಲ್ಡ್) ಮಾಡು ಅಂತ ಮತ್ತೊಬ್ಬರು. ಕೋಡ್ (ಪೈಪಿಂಗ್‌ನ ಎಎಸ್‌ಎಂಇ ಬಿ31.3 ನಿಯಮ) ಪ್ರಕಾರ ಏರಿಯಾ ರಿಪ್ಲೇಸ್‌ಮೆಂಟ್ ಲೆಕ್ಕ ನಾನೇ ಮಾಡಿ ನೋಡಿದೆ, ಆರಾಮವಾಗಿ ಪಾಸ್ ಆಗುತ್ತದೆ. ಹಾಗಿದ್ದ ಮೇಲೆ ಬಿರುಕು ಯಾಕೆ?

ಇದರ ಜೊತೆಗೇ ಇನ್ನೊಂದು ಪ್ರಶ್ನೆ. ಬೇರೆ ಕಡೆ ಬಿಸಿ ಲೈನ್ ಒಂದರಿಂದ ಆರಿಂಚಿಗೆ ನಾಲ್ಕಿಂಚಿನ ಹೊಸ ಬ್ರಾಂಚ್ ತೆಗೆಯಬೇಕು. ಅಲ್ಲಿ ಟೀ (T ಆಕಾರದ ಒಂದೇ ತುಂಡಿನ ಫಿಟ್ಟಿಂಗ್) ಹಾಕೋದಾ, ಪ್ಯಾಡ್ ಹಾಕೋದಾ?

ಹಳೇ_ಮೇಂಟೆನೆನ್ಸ್

ಮೆಷಿನ್ ನಿಲ್ಲಿಸಿದ್ದು ಒಳ್ಳೆಯದಾಯಿತು. ನಾಲ್ಕನೇ ಸಲ ಹಾಗೇ ವೆಲ್ಡ್ ಹಾಕಿ ಓಡಿಸಬೇಡಿ, ಯಾರು ಎಷ್ಟೇ ಒತ್ತಾಯ ಮಾಡಲಿ.

ಫಿಟ್ಟಿಂಗ್ ಯಾವುದು ಅನ್ನುವ ಮಾತಿಗೆ ಮೊದಲು ಬಿರುಕು ನೋಡೋಣ. ಸಾಕೋಲೆಟ್ ಅಂದರೆ ಎರಡು ವೆಲ್ಡ್. ಒಂದು ಹೆಡರ್ ಮೇಲೆ ಕೂರುವುದು. ಇನ್ನೊಂದು ಸಾಕೆಟ್ ಬಾಯಲ್ಲಿ ಪೈಪ್ ಸುತ್ತ ಬರುವ ಫಿಲೆಟ್. ಯಾವುದರಲ್ಲಿ ಬಂತು? ಟೋದಲ್ಲಿ ಬಂತಾ, ಅಂದರೆ ವೆಲ್ಡ್ ಮುಗಿದು ಪೈಪ್ ಶುರುವಾಗುವ ಗೆರೆಯಲ್ಲಿ? ಇಲ್ಲಾ ವೆಲ್ಡ್ ನಡುವೆ ಸೀಳಿ ಬಂತಾ? ಸುತ್ತ ಬಂತಾ, ಎದುರುಬದುರು ಎರಡು ಕಡೆ ಮಾತ್ರ ಬಂತಾ? ಒಡೆದ ತುಂಡು ಇಟ್ಟುಕೊಂಡಿದ್ದೀರಾ?

ಶಿಫ್ಟ್_ಎಂಜಿನಿಯರ್

ಮೊದಲ ಎರಡು ಸಲ ಸಾಕೆಟ್ ಫಿಲೆಟ್‌ನಲ್ಲಿ, ಪೈಪ್ ಕಡೆಯ ಟೋದಲ್ಲಿ ಸರ್. ಎದುರುಬದುರು, ಹೆಡರ್‌ಗೆ ಅಡ್ಡ ದಿಕ್ಕಿನಲ್ಲಿ. ಎರಡನೇ ರಿಪೇರಿಯಲ್ಲಿ ಗಟ್ಟಿಯಾಗಲಿ ಅಂತ ಫಿಲೆಟ್ ದಪ್ಪ ಮಾಡಿಸಿದೆವು. ಮೂರನೇ ಸಲ ಬಿರುಕು ಕೆಳಗಿನ ವೆಲ್ಡ್‌ಗೆ ಹೋಗಿದೆ, ಸಾಕೋಲೆಟ್ ಹೆಡರ್‌ಗೆ ಸೇರುವ ಟೋಗೆ. ಎರಡನೇ ಸಲದ ತುಂಡು ನನ್ನ ಡ್ರಾಯರ್‌ನಲ್ಲೇ ಇದೆ.

ಮೆಟಲರ್ಜಿ_ಮೇಷ್ಟ್ರು

ಆ ತುಂಡನ್ನು ಒರೆಸಬೇಡಿ, ತಂತಿ ಬ್ರಷ್ ಹಾಕಬೇಡಿ. ಒಡೆದ ಮುಖದ ಮೇಲೆ ಬೆಳಕು ಓರೆಯಾಗಿ ಬೀಳುವ ಹಾಗೆ ಟಾರ್ಚ್ ಹಿಡಿದು ನೋಡಿ. ಒಂದು ಬಿಂದುವಿನಿಂದ ಹೊರಟ ಅರ್ಧ ಚಂದ್ರದಂಥ ಗೆರೆಗಳು ಕಂಡರೆ ಅದು ಫಟೀಗ್, ಅಂದರೆ ಪದೇ ಪದೇ ಬಾಗಿ ಲೋಹ ದಣಿದು ಬಿರುಕು ಬಿಡುವುದು. ಸಮುದ್ರದ ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುವ ಗೆರೆಯ ಥರ ಇರುತ್ತದೆ. ಮೆಷಿನ್ ನಿಂತು ಮತ್ತೆ ಓಡಿದಾಗಲೆಲ್ಲ ಅಂಥ ಒಂದು ಗೆರೆ ಉಳಿಯಬಹುದು. ಗೆರೆ ಇರುವ ಭಾಗ ನುಣುಪಾಗಿರುತ್ತದೆ. ಕೊನೆಗೆ ಹರಿದ ಭಾಗ ಒರಟಾಗಿರುತ್ತದೆ. ನುಣುಪು ಭಾಗ ಜಾಸ್ತಿ, ಒರಟು ಕಡಿಮೆ ಇದ್ದರೆ ಭಾರ ದೊಡ್ಡದೇನಲ್ಲ, ಸಣ್ಣ ಭಾರವೇ ಲಕ್ಷಗಟ್ಟಲೆ ಸಲ ಬಂದಿದೆ ಅಂತ ಅರ್ಥ.

ಶಿಫ್ಟ್_ಎಂಜಿನಿಯರ್

ಈಗಷ್ಟೇ ನೋಡಿದೆ ಸರ್. ಮುಕ್ಕಾಲು ಭಾಗ ನುಣುಪು. ಗೆರೆಗಳು ಚೆನ್ನಾಗಿ ಕಾಣುತ್ತಿವೆ. ಎರಡು ಕಡೆಯಿಂದಲೂ ಶುರುವಾಗಿದೆ.

ಸ್ಟ್ರೆಸ್_ಲೆಕ್ಕ

ಬೆಂಗಳೂರಿನ ಒಂದು ಡಿಸೈನ್ ಆಫೀಸಿನಲ್ಲಿ ಪೈಪ್ ಸ್ಟ್ರೆಸ್ ನೋಡಿಕೊಳ್ಳುತ್ತೇನೆ. ಎರಡೂ ಪ್ರಶ್ನೆಗೆ ಉತ್ತರ ಬೇರೆ ಬೇರೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಏರಿಯಾ ರಿಪ್ಲೇಸ್‌ಮೆಂಟ್ ಉತ್ತರಿಸುವುದು ಒಂದೇ ಪ್ರಶ್ನೆಗೆ. ಹೆಡರ್‌ನಲ್ಲಿ ತೂತು ಕೊರೆದೆವು, ಅಷ್ಟು ಲೋಹ ಹೋಯಿತು, ಒಳಗಿನ ಒತ್ತಡ ತಡೆಯಲು ಅಷ್ಟೇ ಲೋಹ ಸುತ್ತಮುತ್ತ ಇದೆಯಾ? ಲೋಹ ಎಷ್ಟಿದೆ ಅಂತ ಅದು ಎಣಿಸುತ್ತದೆ. ಯಾವ ಆಕಾರದಲ್ಲಿದೆ ಅಂತ ಕೇಳುವುದೇ ಇಲ್ಲ. ಫಟೀಗ್ ಕೇಳುವುದು ಆಕಾರವನ್ನೇ. ಮೂಲೆ ಎಷ್ಟು ಚೂಪು, ವೆಲ್ಡ್ ಎಲ್ಲಿ ಕೂತಿದೆ, ಬಾಗುವಾಗ ಯಾವ ಜಾಗ ಮೊದಲು ಎಳೆಯುತ್ತದೆ ಅಂತ. ಹಾಗಾಗಿ ನಿಮ್ಮ ಲೆಕ್ಕ ಪಾಸ್ ಆಗಿದ್ದೂ ಸರಿ, ಬಿರುಕು ಬಂದಿದ್ದೂ ಸರಿ.

ಈ ಆಕಾರದ ಲೆಕ್ಕಕ್ಕೆ ಕೋಡ್‌ನಲ್ಲಿರುವುದು ಸ್ಟ್ರೆಸ್ ಇಂಟೆನ್ಸಿಫಿಕೇಷನ್ ಫ್ಯಾಕ್ಟರ್. ನಾವೆಲ್ಲ ಎಸ್‌ಐಎಫ್ ಅನ್ನುತ್ತೇವೆ. ಇದರ ಬೇರು ಅಮೆರಿಕದ ಕೆಂಟಕಿಯ ಲೂಯಿವಿಲ್‌ನಲ್ಲಿದೆ. ಅಲ್ಲಿನ ಟ್ಯೂಬ್ ಟರ್ನ್ಸ್ ಕಂಪನಿಯಲ್ಲಿ ಮಾರ್ಕಲ್ ಅನ್ನುವವರು ಎಲ್ಬೋ, ಟೀ, ಬ್ರಾಂಚ್‌ಗಳನ್ನೆಲ್ಲ ಯಂತ್ರಕ್ಕೆ ಕಟ್ಟಿ, ಬಿರುಕು ಬಿಟ್ಟು ನೀರು ಸೋರುವ ತನಕ ಆ ಕಡೆ ಈ ಕಡೆ ಬಗ್ಗಿಸಿ ಪರೀಕ್ಷೆ ಮಾಡಿದರು. 1952ರಲ್ಲಿ ಅವರ ಮುಖ್ಯ ಪ್ರಬಂಧ ಬಂತು. ಪೈಪಿಗೆ ಪೈಪ್ ಸೇರಿಸಿದ ಸಾದಾ ಬಟ್ ವೆಲ್ಡ್‌ಗೆ 1 ಅಂತ ಇಟ್ಟು, ಉಳಿದವು ಅದಕ್ಕಿಂತ ಎಷ್ಟು ಪಟ್ಟು ಕೆಟ್ಟವು ಅಂತ ಅಳೆದರು. ಇವತ್ತಿಗೂ ಆ ಲೆಕ್ಕವೇ ಅಡಿಪಾಯ.

ನಿಮ್ಮ ಆರಿಂಚಿನ ಶೆಡ್ಯೂಲ್ 40ಕ್ಕೇ ಹಾಕಿ ನೋಡೋಣ. ದಪ್ಪ 7.11 ಮಿ.ಮೀ., ಸರಾಸರಿ ತ್ರಿಜ್ಯ 80.6. ಬಿ31.3ರ ಹಳೇ ಪಟ್ಟಿಯ ಸೂತ್ರದಂತೆ:

ಪ್ಯಾಡ್ ಇಲ್ಲದೆ ಪೈಪಿಗೆ ಪೈಪ್ ನೇರ ಕೂರಿಸಿದರೆ ಎಸ್‌ಐಎಫ್ ಸುಮಾರು 4.5. ಅಷ್ಟೇ ದಪ್ಪದ ಪ್ಯಾಡ್ ಕೊಟ್ಟರೆ 2.3. ಬಿ16.9 (ಫಿಟ್ಟಿಂಗ್ ಅಳತೆಯ ಮಾನದಂಡ) ಫೋರ್ಜ್ಡ್ ಟೀ ಆದರೆ 2.1. ವೆಲ್ಡೋಲೆಟ್ ಥರದ ಫಿಟ್ಟಿಂಗ್ ಕೂಡ ಹೆಚ್ಚುಕಡಿಮೆ ಅಲ್ಲೇ, 2.05.

4.5ಕ್ಕೂ 2.1ಕ್ಕೂ ವ್ಯತ್ಯಾಸ ಬರೀ ಎರಡು ಪಟ್ಟು ಅಂತ ಅನ್ನಿಸಬಹುದು. ಆದರೆ ಮಾರ್ಕಲ್ ಗೆರೆಯಲ್ಲಿ ಆಯಸ್ಸು ಸ್ಟ್ರೆಸ್‌ನ ಐದನೇ ಘಾತದಲ್ಲಿ ಇಳಿಯುತ್ತದೆ. ಸ್ಟ್ರೆಸ್ ಎರಡು ಪಟ್ಟಾದರೆ ಆಯಸ್ಸು 32ರಲ್ಲಿ ಒಂದು ಪಾಲು. ಇಲ್ಲಿ ಲೆಕ್ಕ ಹಾಕಿದರೆ ಪ್ಯಾಡ್ ಇಲ್ಲದ ಬ್ರಾಂಚ್‌ಗಿಂತ ಟೀ ನಲವತ್ತು ಪಟ್ಟಿಗೂ ಜಾಸ್ತಿ ಸಲ ಬಾಗಬಲ್ಲದು.

ಹಾಗಾಗಿ ನಾಲ್ಕಿಂಚಿನ ಹೊಸ ಬ್ರಾಂಚ್‌ಗೆ ನನ್ನ ಓಟು ಟೀಗೆ. ಕಾರಣ ಆಮೇಲೆ ಹೇಳುತ್ತೇನೆ.

ಡ್ರೈನ್ ಕಥೆ ಬೇರೆ. ಕೋಡ್‌ನ ಫಟೀಗ್ ಲೆಕ್ಕ ಹುಟ್ಟಿದ್ದು ಬಿಸಿಯಾಗಿ ತಣ್ಣಗಾಗುವ ಲೈನ್‌ಗಳಿಗೆ. ಅಲ್ಲಿ 7000 ಸಲ ಅಂದರೆ ದಿನಕ್ಕೊಂದರಂತೆ 19 ವರ್ಷ. ನಿಮ್ಮ ಕಂಪ್ರೆಸರ್ 600 ಆರ್‌ಪಿಎಂ, ಡಬಲ್ ಆಕ್ಟಿಂಗ್. ಪಿಸ್ಟನ್ ಎರಡೂ ಕಡೆ ಒತ್ತುವುದರಿಂದ ಒಂದು ಸುತ್ತಿನಲ್ಲಿ ಎರಡು ಬಡಿತ, ಸೆಕೆಂಡಿಗೆ 20 ಬಡಿತ. 7000 ಬಡಿತ ಆರು ನಿಮಿಷದೊಳಗೆ ಮುಗಿಯುತ್ತದೆ. ಹತ್ತು ಲಕ್ಷ ಬಡಿತಕ್ಕೆ ಹದಿನಾಲ್ಕು ಗಂಟೆ ಸಾಕು. ಇಷ್ಟು ಸಲ ಬಾಗುವ ಜಾಗದಲ್ಲಿ ಯಾವ ಫಿಟ್ಟಿಂಗ್ ಅನ್ನುವುದು ಎರಡನೇ ಪ್ರಶ್ನೆ. ಅದು ಬಾಗುತ್ತಿರುವುದು ಯಾಕೆ ಅನ್ನುವುದು ಮೊದಲನೆಯದು.

ಒಂದು ಕೆಲಸ ಮಾಡಿ. ಮೆಷಿನ್ ನಿಂತಿದೆಯಲ್ಲ, ವಾಲ್ವ್ ಮೇಲೆ ಆಕ್ಸೆಲೆರೊಮೀಟರ್ (ಕಂಪನ ಅಳೆಯುವ ಸಾಧನ) ಇಟ್ಟು, ರಬ್ಬರ್ ತಲೆಯ ಸುತ್ತಿಗೆಯಿಂದ ಎರಡೂ ದಿಕ್ಕಿನಲ್ಲಿ ಮೆಲ್ಲಗೆ ತಟ್ಟಿ. ಅದರ ಸ್ವಂತ ಕಂಪನ ಎಷ್ಟು ಹರ್ಟ್ಸ್ ಅಂತ ಬರೆದು ಹಾಕಿ.

ಪೀಣ್ಯ_ಫ್ಯಾಬ್ರಿಕೇಟರ್

ಪ್ಯಾಡ್ ಬಗ್ಗೆ ಒಂದು ಮಾತು. ನಮ್ಮ ಶಾಪ್‌ನಲ್ಲಿ ಇಪ್ಪತ್ತೈದು ವರ್ಷದಿಂದ ಪ್ಯಾಡ್ ಬ್ರಾಂಚ್ ಮಾಡುತ್ತಿದ್ದೇವೆ. ಕೂಲಿಂಗ್ ವಾಟರ್, ಏರ್, ಲೋ ಪ್ರೆಷರ್ ಸ್ಟೀಮ್, ಎಲ್ಲದಕ್ಕೂ ಕೊಟ್ಟಿದ್ದೇವೆ. ಒಂದೂ ವಾಪಸ್ ಬಂದಿಲ್ಲ. ಟೀ ಹಾಕಿದರೆ ಒಂದು ಬ್ರಾಂಚ್‌ಗೆ ಮೂರು ಬಟ್ ವೆಲ್ಡ್. ಮೂರಕ್ಕೂ ಫಿಟ್‌ಅಪ್, ಮೂರಕ್ಕೂ ಎಕ್ಸ್‌ರೇ. ಸುಮ್ನೆ ಎಲ್ಲ ಕಡೆ ಟೀ ಹಾಕಿ ಅಂದರೆ ಖರ್ಚು ಯಾರು ಕೊಡುತ್ತಾರೆ? ನೀವೇ ಹೇಳಿದ್ದೀರಿ, ಪ್ಯಾಡ್‌ಗೆ 2.3, ಟೀಗೆ 2.1. ವ್ಯತ್ಯಾಸ ಎಲ್ಲಿದೆ?

ಸ್ಟ್ರೆಸ್_ಲೆಕ್ಕ

ನೀವು ಹೇಳಿದ ಲೈನ್‌ಗಳಿಗೆ ಪ್ಯಾಡ್ ಸರಿಯಾದ ಆಯ್ಕೆಯೇ ಸರ್. ಒಪ್ಪುತ್ತೇನೆ. ತಣ್ಣಗಿನ ನೀರಿನ ಲೈನ್‌ಗೆ ಟೀ ಹಾಕಿಸುವುದು ದುಡ್ಡು ದಂಡ.

ವ್ಯತ್ಯಾಸ ಸೂತ್ರದ ಆಚೆ ಇದೆ. ಪ್ಯಾಡ್ ಮತ್ತು ಹೆಡರ್ ಎರಡು ಬೇರೆ ತಗಡು. ಅಂಚಿನಲ್ಲಿ ಮಾತ್ರ ಅಂಟಿವೆ, ನಡುವೆ ಗಾಳಿ. ಲೈನ್ ಬೇಗ ಬಿಸಿಯಾದರೆ ಹೆಡರ್ ಮೊದಲು ಹಿಗ್ಗುತ್ತದೆ, ಪ್ಯಾಡ್ ಹಿಂದೆ ಬೀಳುತ್ತದೆ. ಆ ಎಳೆದಾಟವೆಲ್ಲ ಹೊರಗಿನ ಫಿಲೆಟ್ ಮೇಲೆ. ಎಸ್‌ಐಎಫ್ ಸೂತ್ರದಲ್ಲಿ ಇದು ಇಲ್ಲ. ಪ್ಯಾಡ್ ಹೆಡರ್‌ಗೆ ಒತ್ತಿ ಕೂತಿಲ್ಲದಿದ್ದರೆ ಇನ್ನೂ ಕೆಟ್ಟದು. ಜೊತೆಗೆ ಆ ವೆಲ್ಡ್ ಒಳಗೇನಿದೆ ಅಂತ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣಲ್ಲ. ಮೇಲ್ಮೈ ಪರೀಕ್ಷೆಯೇ ಗತಿ. ಟೀಯ ವೆಲ್ಡ್‌ಗಳು ಮೂಲೆಯಿಂದ ದೂರ ಇರುತ್ತವೆ. ಬಾಗುವ ಸ್ಟ್ರೆಸ್ ಹೆಚ್ಚಿರುವುದು ಕಂಕುಳಲ್ಲಿ (ಬ್ರಾಂಚ್ ಹೆಡರ್‌ಗೆ ಸೇರುವ ಮೂಲೆಯಲ್ಲಿ), ಅಲ್ಲಿ ವೆಲ್ಡೇ ಇಲ್ಲ, ದುಂಡಗಿನ ಲೋಹ ಇದೆ. ಇದೇ ಟೀಯ ದೊಡ್ಡ ಗುಣ.

ಆದರೆ ಟೀ ಅಂತ ಹೆಸರಿದ್ದದ್ದೆಲ್ಲ ಟೀ ಅಲ್ಲ. ಕಂಕುಳ ತ್ರಿಜ್ಯ ಬ್ರಾಂಚ್ ವ್ಯಾಸದ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು, ಅಲ್ಲಿನ ದಪ್ಪ ಪೈಪ್‌ನ ಒಂದೂವರೆ ಪಟ್ಟಾದರೂ ಇರಬೇಕು. ಹಾಗಿದ್ದರೆ ಹಳೇ ಸೂತ್ರದಲ್ಲಿ 3.1ರ ಜಾಗದಲ್ಲಿ 4.4 ಹಾಕಲು ಬಿಡುತ್ತಿತ್ತು. ಇಲ್ಲದಿದ್ದರೆ ಇಲ್ಲ. ಟೀ ತರಿಸುವಾಗ ಈ ಎರಡು ಅಳತೆ ಕೇಳಿ.

ಇನ್ನೊಂದು ಮಾತು. ಈ ಹಳೇ ಸೂತ್ರಗಳು ಬ್ರಾಂಚ್‌ನ ಗಾತ್ರವನ್ನು ಸರಿಯಾಗಿ ಗಮನಿಸುತ್ತಿರಲಿಲ್ಲ. ಆರಕ್ಕೆ ಆರಾದರೂ ಒಂದೇ, ಆರಕ್ಕೆ ನಾಲ್ಕಾದರೂ ಒಂದೇ. ನಿಜದಲ್ಲಿ ಬ್ರಾಂಚ್ ಹೆಡರ್‌ಗಿಂತ ಸ್ವಲ್ಪ ಚಿಕ್ಕದಿದ್ದಾಗ, ಅಡ್ಡಕ್ಕೆ ತೂಗಾಡಿದರೆ ಹೆಡರ್ ಗೋಡೆ ತಗಡಿನಂತೆ ಒಳಗೆ ಹೊರಗೆ ಬಡಿಯುತ್ತದೆ. ಸಮ ಗಾತ್ರ ಇದ್ದರೆ ಪಕ್ಕದ ಗೋಡೆಗಳೇ ಭಾರ ಹೊರುತ್ತವೆ. 2020ರ ಬಿ31.3ರಿಂದ ಹಳೇ ಪಟ್ಟಿ ಹೋಗಿ ಬಿ31ಜೆ ನೋಡಿ ಅಂತ ಬಂದಿದೆ. ಅದರಲ್ಲಿ ಹೆಡರ್ ಕಡೆಗೆ ಬೇರೆ, ಬ್ರಾಂಚ್ ಕಡೆಗೆ ಬೇರೆ, ದಿಕ್ಕಿಗೊಂದು ಎಸ್‌ಐಎಫ್. ಮೇಲೆ ನಾನು ಕೊಟ್ಟ ಅಂಕಿ ಹೋಲಿಕೆಗೆ ಸಾಕು. ಹೊಸ ಡಿಸೈನ್‌ಗೆ ಬಿ31ಜೆ ಹಾಕಿ.

ಪೀಣ್ಯ_ಫ್ಯಾಬ್ರಿಕೇಟರ್

ಗಾಳಿ ನಡುವೆ ಇರುವ ಮಾತು ಸರಿಯಿದೆ. ಬಿಸಿ ಲೈನ್‌ಗೆ ನಾನೂ ಯೋಚಿಸುತ್ತೇನೆ. ಪ್ಯಾಡ್ ಹಾಕುವವರು ವೀಪ್ ಹೋಲ್ (ಪ್ಯಾಡ್‌ನಲ್ಲಿ ಕೊರೆಯುವ ಸಣ್ಣ ತೂತು) ಮರೆಯಬಾರದು. ವೆಲ್ಡ್ ಮಾಡುವಾಗ ಒಳಗಿನ ಗಾಳಿ ಅದರಿಂದಲೇ ಹೊರಗೆ ಹೋಗಬೇಕು, ಒಳಗಿನ ವೆಲ್ಡ್ ಸೋರಿದರೆ ಅಲ್ಲೇ ಗೊತ್ತಾಗಬೇಕು. ವೆಲ್ಡ್ ತುಂಬಿ ಮುಚ್ಚಿದವರನ್ನು ನೋಡಿದ್ದೇನೆ.

ಟಿಗ್_ಟಾರ್ಚ್

ನಾನು ವೆಲ್ಡರ್. ಓದಿರುವುದು ಐಟಿಐ. ನನಗೆ ಕಂಡಿದ್ದನ್ನು ಹೇಳುತ್ತೇನೆ ಅಣ್ಣ.

ಸಾಕೆಟ್ ವೆಲ್ಡ್ ಬೇಗ ಹೋಗುವುದಕ್ಕೆ ಒಂದು ಕಾರಣ ಪೈಪನ್ನು ತಳ ಮುಟ್ಟಿಸಿ ಕೂರಿಸುವುದು. ಪೈಪ್ ಒಳಗೆ ಪೂರ್ತಿ ತಳ್ಳಿ, ಆಮೇಲೆ ಸುಮಾರು ಒಂದೂವರೆ ಮಿ.ಮೀ. ಹಿಂದಕ್ಕೆ ಎಳೆದು ಟ್ಯಾಕ್ ಹಾಕಬೇಕು. ನಾನು ಪೈಪ್ ಮೇಲೆ ಮೊದಲೇ ಗೆರೆ ಕೆರೆದುಕೊಳ್ಳುತ್ತೇನೆ. ಟ್ಯಾಕ್ ಆದ ಮೇಲೆ ಗೆರೆ ನೋಡಿದರೆ ಗ್ಯಾಪ್ ಉಳಿದಿದೆಯಾ ಅಂತ ಗೊತ್ತಾಗುತ್ತದೆ. ಗ್ಯಾಪ್ ಇಲ್ಲದಿದ್ದರೆ ಬಿಸಿಗೆ ಪೈಪ್ ಹಿಗ್ಗಿ ತಳಕ್ಕೆ ಒತ್ತುತ್ತದೆ, ವೆಲ್ಡ್ ಬುಡ ಎಳೆಯುತ್ತದೆ.

ಎರಡನೆಯದು ಫಿಲೆಟ್ ಆಕಾರ. ಕಂಪನ ಇರುವ ಜಾಗಕ್ಕೆ ಪೈಪ್ ಕಡೆಯ ಕಾಲು ಉದ್ದ ಮಾಡಿ ಅಂತ ಒಬ್ಬ ಇನ್‌ಸ್ಪೆಕ್ಟರ್ ಕಲಿಸಿದರು. ಸಾಕೆಟ್ ಕಡೆ ಒಂದು ಅಳತೆ ಇದ್ದರೆ ಪೈಪ್ ಕಡೆ ಎರಡು. ಆಗ ಟೋ ಚಪ್ಪಟೆಯಾಗಿ ಪೈಪಿಗೆ ಇಳಿಯುತ್ತದೆ, ಮೆಟ್ಟಿಲಿನಂತೆ ನಿಲ್ಲುವುದಿಲ್ಲ. ಈ ಅಣ್ಣನ ಪ್ಲಾಂಟ್‌ನಲ್ಲಿ ಬರೀ ದಪ್ಪ ಮಾಡಿಸಿದ್ದಾರೆ. ಉಬ್ಬಿದ ಫಿಲೆಟ್ ಹಾಕಿದರೆ ಟೋ ಇನ್ನೂ ಚೂಪಾಗುತ್ತದೆ. ಗಟ್ಟಿಯಾದ ಹಾಗೆ ಕಾಣುತ್ತದೆ ಅಷ್ಟೆ.

ವೆಲ್ಡೋಲೆಟ್‌ನಲ್ಲಿ ಇನ್ನೊಂದು ತಪ್ಪು ಜಾಸ್ತಿ. ಅದರ ಬೆವೆಲ್ (ವೆಲ್ಡ್ ತುಂಬಲು ಓರೆ ಕೊಯ್ದ ಅಂಚು) ಎಲ್ಲ ಕಡೆ ಒಂದೇ ಆಳ ಇರಲ್ಲ. ಪೂರ್ತಿ ತುಂಬಲು ತುಂಬಾ ಲೋಹ ಬೇಕು, ಟೈಮ್ ಬೇಕು. ಅರ್ಜೆಂಟ್ ಅಂದಾಗ ಅಂಚು ತುಂಬದೆ ಬಿಟ್ಟುಬಿಡುತ್ತಾರೆ. ಸುತ್ತ ಒಂದು ಕಾಲುವೆ ಉಳಿಯುತ್ತದೆ. ಬೆರಳು ಆಡಿಸಿದರೆ ಸಿಗುತ್ತದೆ. ಬಿರುಕು ಅಲ್ಲಿಂದಲೇ ಶುರು. ಬೆವೆಲ್ ಅಂಚಿನವರೆಗೂ ತುಂಬಿ, ಹೆಡರ್ ಮೇಲೆ ನಯವಾಗಿ ಇಳಿಸಬೇಕು. ಆಮೇಲೆ ಟೋವನ್ನು ಬರ್ ಗ್ರೈಂಡರ್‌ನಲ್ಲಿ ಸವರಿದರೆ ಇನ್ನೂ ಒಳ್ಳೆಯದು. ಗ್ರೈಂಡಿಂಗ್ ಗೀರು ಬಿರುಕು ಹೋಗುವ ದಿಕ್ಕಿನಲ್ಲಿ ಉಳಿಯಬಾರದು, ಅದಕ್ಕೆ ಅಡ್ಡ ಇರಬೇಕು.

ಹಳೇ_ಮೇಂಟೆನೆನ್ಸ್

ಐಟಿಐ ಅಂತ ಸಂಕೋಚ ಬೇಡ ತಮ್ಮಾ. ಈ ಚರ್ಚೆಯಲ್ಲಿ ನಾಳೆ ಬೆಳಗ್ಗೆ ಶಾಪ್ ಫ್ಲೋರ್‌ಗೆ ಒಯ್ಯಬಹುದಾದ ಮಾತು ಇದು. ಬಿ31.3 ಕೂಡ ಸಿವಿಯರ್ ಸೈಕ್ಲಿಕ್ (ಭಾರ ಜೋರಾಗಿ ಪದೇ ಪದೇ ಬದಲಾಗುವ) ಸ್ಥಿತಿಯಲ್ಲಿ ಎರಡಿಂಚಿಗಿಂತ ದೊಡ್ಡ ಸಾಕೆಟ್ ವೆಲ್ಡ್ ಬೇಡ ಅನ್ನುತ್ತದೆ.

ಮೆಟಲರ್ಜಿ_ಮೇಷ್ಟ್ರು

ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ಇನ್ನೂ ಗಟ್ಟಿ ಉಕ್ಕು ಹಾಕಿದರೆ ಆಗದೇ ಅಂತ. ಆಗುವುದಿಲ್ಲ. ನಯವಾಗಿ ಉಜ್ಜಿದ ಸರಳಾದರೆ ಗಟ್ಟಿ ಉಕ್ಕು ಜಾಸ್ತಿ ಬಾಳುತ್ತದೆ. ಏಕೆಂದರೆ ಬಿರುಕು ಹುಟ್ಟಲು ತುಂಬಾ ಸಮಯ ಹಿಡಿಯುತ್ತದೆ. ವೆಲ್ಡ್ ಟೋದಲ್ಲಿ ಕೂದಲಿನಷ್ಟು ಸಣ್ಣ ದೋಷಗಳು ಹುಟ್ಟಿನಿಂದಲೇ ಇರುತ್ತವೆ. ಬಿರುಕು ಹುಟ್ಟಬೇಕಾದ ಅಗತ್ಯವೇ ಇಲ್ಲ, ಬೆಳೆಯುವುದಷ್ಟೇ ಬಾಕಿ. ಬೆಳೆಯುವ ವೇಗ ಎಲ್ಲ ಉಕ್ಕಿನಲ್ಲೂ ಹೆಚ್ಚುಕಡಿಮೆ ಒಂದೇ. ಜೊತೆಗೆ ವೆಲ್ಡ್ ತಣಿಯುವಾಗ ಉಳಿದ ಒಳ ಎಳೆತ ಬೇರೆ. ರಿಪೇರಿ ಮೇಲೆ ರಿಪೇರಿ ಮಾಡಿದ ಹಾಗೆ ಆಯಸ್ಸು ಕಡಿಮೆಯಾಗಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಹಳೇ ಬಿರುಕಿನ ತುದಿ ಪೂರ್ತಿ ತೆಗೆದಿದ್ದಾರೋ ಇಲ್ಲವೋ ಅದೂ ನೋಡಬೇಕು. ಗ್ರೈಂಡ್ ಮಾಡಿದ ಮೇಲೆ ಡೈ ಪೆನೆಟ್ರೆಂಟ್ (ಬಿರುಕು ತೋರಿಸುವ ಬಣ್ಣದ ದ್ರವ) ಹಾಕಿದ್ದಿರಾ?

ಹೊಸ ನಾಲ್ಕಿಂಚಿನ ಬ್ರಾಂಚ್ ಬಗ್ಗೆ ಒಂದು ಎಚ್ಚರಿಕೆ. ಅದರಿಂದ ತಣ್ಣನೆಯ ದ್ರವ ಬಿಸಿ ಲೈನ್‌ಗೆ ಸೇರುತ್ತದೆಯೇ? ಹಾಗಿದ್ದರೆ ಫ್ರಾನ್ಸಿನ ಸಿವೋ ನೆನಪಿಡಿ. ಅಲ್ಲಿನ ಮೊದಲನೇ ಪರಮಾಣು ಘಟಕ ಗ್ರಿಡ್‌ಗೆ ಸೇರಿದ್ದು 1997ರ ಡಿಸೆಂಬರ್ ಕೊನೆಗೆ. 1998ರ ಮೇ 12ರಂದು ಶೇಷ ಶಾಖ ತೆಗೆಯುವ ವ್ಯವಸ್ಥೆಯ ಪೈಪ್ ಸೀಳಿ ಗಂಟೆಗೆ ಸುಮಾರು 30 ಘನ ಮೀಟರ್ ನೀರು ಸೋರಿತು. ಬಿರುಕು ಬಂದಿದ್ದು ಬಿಸಿ ಮತ್ತು ತಣ್ಣೀರು ಕೂಡುವ ಟೀಯ ಮುಂದಿನ ಎಲ್ಬೋದಲ್ಲಿ. ಕೂಡಿದ ತಕ್ಷಣ ಎರಡೂ ಬೆರೆಯುವುದಿಲ್ಲ. ಬಿಸಿ ಒಂದು ನಾಲಿಗೆ, ತಂಪು ಒಂದು ನಾಲಿಗೆ, ಗೋಡೆಯನ್ನು ಸರದಿಯಲ್ಲಿ ನೆಕ್ಕುತ್ತವೆ. ಗೋಡೆಯ ಒಳಮೈ ಮಾತ್ರ ಹಿಗ್ಗಿ ಕುಗ್ಗಿ ದಣಿಯುತ್ತದೆ. ಹೊರಗೆ ಏನೂ ಕಾಣಲ್ಲ, ಪೈಪ್ ಅಲುಗಾಡುವುದೂ ಇಲ್ಲ. ಇಂಥ ಕಡೆ ಎಸ್‌ಐಎಫ್ ನೋಡಿ ಟೀ ಆರಿಸಿದರೆ ಸಾಲದು. ಮುಂದೆ ಸ್ವಲ್ಪ ದೂರ ನೇರ ಪೈಪ್ ಇರಲಿ, ಒಳಗಿನ ವೆಲ್ಡ್ ಬೀಡ್ ಸಮ ಮಾಡಿಸಿ, ತಾಪದ ವ್ಯತ್ಯಾಸ ಜಾಸ್ತಿ ಇದ್ದರೆ ಥರ್ಮಲ್ ಸ್ಲೀವ್ (ಗೋಡೆಗೆ ತಾಪ ನೇರ ತಾಗದಂತೆ ಒಳಗೆ ಹಾಕುವ ಕೊಳವೆ) ಯೋಚಿಸಿ.

ಶಿಫ್ಟ್_ಎಂಜಿನಿಯರ್

ಡೈ ಪೆನೆಟ್ರೆಂಟ್ ಹಾಕಿದ್ದು ವೆಲ್ಡ್ ಆದ ಮೇಲೆ ಮಾತ್ರ ಸರ್. ಗ್ರೈಂಡ್ ಆದ ಮೇಲೆ ಹಾಕಿರಲಿಲ್ಲ. ಈ ತಪ್ಪು ನಮ್ಮದೇ.

ಹೊಸ ಬ್ರಾಂಚ್ ಬಿಸಿ ಲೈನ್‌ನಿಂದ ಹೊರಗೆ ಹೋಗುವುದು, ತಣ್ಣನೆಯದು ಸೇರುವುದಿಲ್ಲ. ಟೀ ಎಂದೇ ಬರೆದು ಕಳಿಸುತ್ತೇನೆ. ತಟ್ಟಿ ನೋಡಿದ ರೀಡಿಂಗ್ ನಾಳೆ ಹಾಕುತ್ತೇನೆ.

ಜುಬೈಲ್_ಕನ್ನಡಿಗ

ಇಲ್ಲಿ ಸೌದಿಯಲ್ಲಿ ಹನ್ನೆರಡು ವರ್ಷ ಆಯಿತು. ಊರು ಬಂಟ್ವಾಳ. ಇನ್ನೊಂದು ಜಾತಿಯ ಕಂಪನದ ಬಗ್ಗೆ ಹೇಳುತ್ತೇನೆ ಮಾರಾಯ್ರೇ, ಇದು ಕೈಗೆ ಸಿಗುವುದಿಲ್ಲ.

ಪ್ರೆಷರ್ ರಿಲೀಫ್ ವಾಲ್ವ್ ಅಥವಾ ಬ್ಲೋಡೌನ್ ವಾಲ್ವ್ ತೆರೆದಾಗ ದೊಡ್ಡ ಒತ್ತಡದ ಗ್ಯಾಸ್ ಒಮ್ಮೆಲೇ ಕೆಳಗಿಳಿಯುತ್ತದೆ. ಅದರ ಸದ್ದೇ ಫ್ಲೇರ್ (ಹೆಚ್ಚಾದ ಗ್ಯಾಸ್ ಸುಡಲು ಒಯ್ಯುವ) ಪೈಪ್‌ನ ಗೋಡೆಯನ್ನು ನಡುಗಿಸುತ್ತದೆ. ಪೈಪ್ ಉದ್ದಕ್ಕೆ ಬಾಗುವುದಲ್ಲ, ಗೋಡೆಯೇ ಡೋಲಿನ ಚರ್ಮದ ಹಾಗೆ ಅದುರುವುದು. ಸಾಧಾರಣವಾಗಿ ಸೆಕೆಂಡಿಗೆ 500ರಿಂದ 2000 ಸಲ. ಸಾವಿರ ಸಲ ಅಂತ ಇಟ್ಟರೂ ಹತ್ತು ಲಕ್ಷ ಬಡಿತಕ್ಕೆ 17 ನಿಮಿಷ ಸಾಕು. ಒಂದು ಬ್ಲೋಡೌನ್ ಮುಗಿಯುವುದರೊಳಗೆ ಬ್ರಾಂಚ್ ಬುಡ ಹರಿದು ಹೋಗಬಹುದು. 1982ರಲ್ಲಿ ಕರುಚ್ಚಿ ಮತ್ತು ಮ್ಯೂಲರ್ ಇಂಥ ಅನುಭವಗಳನ್ನು ಒಟ್ಟು ಮಾಡಿ ಬರೆದ ಮೇಲೆ ಡಿಸೈನ್‌ನವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳತೊಡಗಿದರು. ವಾಲ್ವ್‌ನ ಶಬ್ದ ಶಕ್ತಿ 155 ಡೆಸಿಬೆಲ್ ದಾಟಿದರೆ ವಿವರವಾಗಿ ನೋಡಿ ಅನ್ನುವುದು ಈಗ ರೂಢಿ.

ಇಂಥ ಕಡೆ ಫಿಟ್ಟಿಂಗ್ ಆಯ್ಕೆಯೇ ಎಲ್ಲ. ತೆಳು ಹೆಡರ್ ಮೇಲೆ ಒಂದು ಕಡೆ ಮಾತ್ರ ಗಟ್ಟಿ ತುಂಡು ಕೂತರೆ, ಅದುರುವ ಗೋಡೆ ಅದರ ಅಂಚಿನಲ್ಲಿ ಮುರಿಯುತ್ತದೆ. ಫೋರ್ಜ್ಡ್ ಟೀ ಅಥವಾ ಸ್ವೀಪೋಲೆಟ್ ಕೇಳುತ್ತೇವೆ. ಸ್ವೀಪೋಲೆಟ್ ಹೆಡರ್‌ನ ತೂತಿನೊಳಗೇ ಕೂರುತ್ತದೆ, ಬಟ್ ವೆಲ್ಡ್ ಆಗುತ್ತದೆ, ಎಕ್ಸ್‌ರೇ ತೆಗೆಯಬಹುದು. ದುಬಾರಿ. ಆದರೆ ಫ್ಲೇರ್ ಲೈನ್‌ನಲ್ಲಿ ನಾನು ಅದರ ಮೇಲೆ ಚೌಕಾಸಿ ಮಾಡುವುದಿಲ್ಲ. ಪ್ಯಾಡ್ ಹಾಕಲೇಬೇಕಾದರೆ ಹೆಡರ್ ಸುತ್ತ ಪೂರ್ತಿ ಬಳಸುವ ಪ್ಯಾಡ್ ಹಾಕಿಸುತ್ತೇವೆ. ಹೆಡರ್ ಗೋಡೆ ದಪ್ಪ ಮಾಡಿದರೂ ಒಳ್ಳೆಯ ಲಾಭ ಇದೆ.

ಯು.ಕೆ.ಯ ಎನರ್ಜಿ ಇನ್‌ಸ್ಟಿಟ್ಯೂಟ್ 2008ರಲ್ಲಿ ಹೊರತಂದ ಕಂಪನ ಫಟೀಗ್ ಮಾರ್ಗಸೂಚಿ ಈ ಎರಡೂ ಜಾತಿಗೆ ಬಳಕೆಗೆ ಬರುತ್ತದೆ. ಸಣ್ಣ ಬ್ರಾಂಚ್‌ಗಳಿಗೆ ಅದರಲ್ಲಿ ಪ್ರತ್ಯೇಕ ಭಾಗವೇ ಇದೆ. ಉತ್ತರ ಸಮುದ್ರದ ಪ್ಲಾಟ್‌ಫಾರ್ಮ್‌ಗಳಲ್ಲಿ ಗ್ಯಾಸ್, ಎಣ್ಣೆ ಸೋರಿದ ಘಟನೆಗಳಲ್ಲಿ ಐದರಲ್ಲಿ ಒಂದಕ್ಕೆ ಕಂಪನದ ಫಟೀಗ್ ಕಾರಣ ಅಂತ ಅಲ್ಲಿನ ಸುರಕ್ಷತಾ ಇಲಾಖೆಯ ಅಂಕಿ ಇದೆ. ಅದರಲ್ಲಿ ಸಣ್ಣ ಬ್ರಾಂಚ್‌ಗಳದ್ದೇ ದೊಡ್ಡ ಪಾಲು.

ಶಿಫ್ಟ್_ಎಂಜಿನಿಯರ್

ರೀಡಿಂಗ್ ಬಂತು. ಹೆಡರ್ ಉದ್ದದ ದಿಕ್ಕಿನಲ್ಲಿ 26 ಹರ್ಟ್ಸ್. ಅಡ್ಡ ದಿಕ್ಕಿನಲ್ಲಿ 21 ಹರ್ಟ್ಸ್. ವಾಲ್ವ್, ಬ್ಲೈಂಡ್, ಬೋಲ್ಟ್ ಎಲ್ಲ ಬಿಚ್ಚಿ ತೂಗಿದೆ. 9 ಕೆ.ಜಿ.

ಸ್ಟ್ರೆಸ್_ಲೆಕ್ಕ

ಸಿಕ್ಕಿತು. ಕಂಪ್ರೆಸರ್ 20ರಲ್ಲಿ ತಳ್ಳುತ್ತಿದೆ, ನಿಮ್ಮ ಡ್ರೈನ್ 21ರಲ್ಲಿ ತೂಗುತ್ತಿದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಬಿರುಕು ಅಡ್ಡ ದಿಕ್ಕಿನಲ್ಲೇ ಬಂದಿದ್ದು ಅದಕ್ಕೇ.

ಈಗ ಒಂದೊಂದೇ ಸಲಹೆ ಪರೀಕ್ಷಿಸೋಣ. ಶೆಡ್ಯೂಲ್ 80ರಿಂದ 160ಕ್ಕೆ ಹೋದರೆ ಗೋಡೆ ದಪ್ಪ 4.55ರಿಂದ 6.35ಕ್ಕೆ ಏರುತ್ತದೆ, ಸುಮಾರು 40 ಶೇಕಡಾ. ಆದರೆ ಹೊಸ ಲೋಹವೆಲ್ಲ ಒಳಗಡೆ ಸೇರುತ್ತದೆ, ಬಾಗುವುದನ್ನು ತಡೆಯಲು ಅದು ಜಾಸ್ತಿ ಕೆಲಸಕ್ಕೆ ಬರಲ್ಲ. ಬಿಗಿತ ಏರುವುದು 18 ಶೇಕಡಾ ಮಾತ್ರ. ಕಂಪನ ಸಂಖ್ಯೆ ಏರುವುದು 9 ಶೇಕಡಾ. 21 ಇದ್ದದ್ದು 23 ಆಗುತ್ತದೆ. ಅಲ್ಲೇ ಪಕ್ಕದಲ್ಲೇ ಉಳಿಯಿತು. ವೆಲ್ಡೋಲೆಟ್ ಹಾಕಿದರೆ ಸಾಕೆಟ್ ಫಿಲೆಟ್ ಒಂದು ತಪ್ಪುತ್ತದೆ, ಒಳ್ಳೆಯದೇ, ಆದರೆ ತೂಗಾಟ ಹಾಗೇ ಇರುತ್ತದೆ. ಪ್ಯಾಡ್ ಹಾಕಿದರೆ ಹೆಡರ್ ಗೋಡೆ ಬಿಗಿಯಾಗಿ ಸ್ವಲ್ಪ ಲಾಭ ಇದೆ, ಅಷ್ಟೆ.

ಉದ್ದ ಕಡಿಮೆ ಮಾಡಿ. 300 ಇರುವುದನ್ನು 150 ಮಾಡಿದರೆ ಪೈಪ್ ಎಂಟು ಪಟ್ಟು ಬಿಗಿಯಾಗುತ್ತದೆ. ತೂಕ ಇಳಿಸಿ. ಫ್ಲೇಂಜ್ ವಾಲ್ವ್ ಬದಲು 800 ಕ್ಲಾಸ್‌ನ ಫೋರ್ಜ್ಡ್ ವಾಲ್ವ್ ಹಾಕಬಹುದೇ ಅಂತ ನಿಮ್ಮ ಪೈಪಿಂಗ್ ಕ್ಲಾಸ್ ನೋಡಿ. ಬ್ಲೈಂಡ್ ಬದಲು ಪ್ಲಗ್ ಸಾಕೇ ಅಂತ ಪ್ರಾಸೆಸ್‌ನವರನ್ನು ಕೇಳಿ.

ಹಳೇ_ಮೇಂಟೆನೆನ್ಸ್

ಸಪೋರ್ಟ್ ಕೊಡುವುದಾದರೆ ಒಂದು ಮಾತು ನೆನಪಿರಲಿ. ಪಕ್ಕದ ಗ್ರೇಟಿಂಗ್‌ಗೋ ಸ್ಟ್ರಕ್ಚರ್‌ಗೋ ಆ್ಯಂಗಲ್ ಹೊಡೆದು ಕಟ್ಟಬೇಡಿ. ಹೆಡರ್ ಬಿಸಿಗೆ ಸರಿಯುತ್ತದೆ, ಕಂಪ್ರೆಸರ್ ಜೊತೆ ಅಲುಗುತ್ತದೆ. ವಾಲ್ವನ್ನು ನೆಲಕ್ಕೆ ಕಟ್ಟಿದರೆ ಹೆಡರ್‌ನ ಪೂರ್ತಿ ಓಡಾಟ ಆ ಒಂದಿಂಚಿನ ಬುಡದ ಮೇಲೆ ಬೀಳುತ್ತದೆ. ರಾಯಚೂರಿನ ಕಡೆ ಒಂದು ಪ್ಲಾಂಟ್‌ನಲ್ಲಿ ನಾನೇ ಹಾಗೆ ಕಟ್ಟಿಸಿ, ಎರಡು ದಿನದಲ್ಲಿ ಬುಡ ಹರಿದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಯಾರಿಗೂ ಏನೂ ಆಗಲಿಲ್ಲ. ಇವತ್ತಿಗೂ ಆ ನೆನಪು ಬಂದರೆ ನಿದ್ದೆ ಬರಲ್ಲ.

ಕಟ್ಟುವುದಾದರೆ ಹೆಡರ್‌ಗೇ ಕಟ್ಟಿ. ಹೆಡರ್ ಮೇಲೆ ಕ್ಲ್ಯಾಂಪ್, ಅಲ್ಲಿಂದ ವಾಲ್ವ್‌ಗೆ ಎರಡು ದಿಕ್ಕಿನಲ್ಲಿ ಬ್ರೇಸ್. ಆಗ ಹೆಡರ್ ಎಲ್ಲಿಗೆ ಹೋದರೂ ವಾಲ್ವ್ ಜೊತೆಗೇ ಹೋಗುತ್ತದೆ. ಬ್ರೇಸನ್ನು ಹೆಡರ್‌ಗೆ ನೇರ ವೆಲ್ಡ್ ಮಾಡಬೇಡಿ, ಅದು ಇನ್ನೊಂದು ಟೋ ಆಗುತ್ತದೆ. ಬೋಲ್ಟ್ ಕ್ಲ್ಯಾಂಪ್ ಹಾಕಿ, ಲಾಕ್ ನಟ್ ಕೊಡಿ.

ಟಿಗ್_ಟಾರ್ಚ್

ಹಳೇ ಸಾಕೋಲೆಟ್ ಇದ್ದ ಜಾಗಕ್ಕೇ ಹೊಸದು ಕೂರಿಸಬೇಡಿ ಅಣ್ಣ. ಮೂರು ಸಲ ಬೆಂದಿರುವ ಜಾಗ. ಆಗುವುದಾದರೆ ಹೆಡರ್‌ನ ಆ ತುಂಡನ್ನೇ ಬದಲಿಸಿ.

ಶಿಫ್ಟ್_ಎಂಜಿನಿಯರ್

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಕ್ಷಮಿಸಿ, ತಡವಾಯಿತು.

ಹೆಡರ್‌ನ 600 ಮಿ.ಮೀ. ತುಂಡು ಬದಲಿಸಿದೆವು. ಆರಿಂಚಿಗೆ ಒಂದಿಂಚಿನ ಟೀ ಸಿಗುತ್ತದೆಯೇ ಅಂತ ಸ್ಟೋರ್ಸ್‌ನವರು ಹುಡುಕುತ್ತಿದ್ದರು. ಬಿ16.9ರಲ್ಲಿ ಆರಿಂಚಿಗೆ ಅಷ್ಟು ಸಣ್ಣ ಬ್ರಾಂಚ್ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ವೆಲ್ಡೋಲೆಟ್ ಹಾಕಿದೆವು. ಬೆವೆಲ್ ಅಂಚಿನವರೆಗೂ ತುಂಬಿಸಿ, ಟೋ ಸವರಿಸಿ, ರೂಟ್‌ಗೂ ಮೇಲಿನ ಪಾಸ್‌ಗೂ ಡೈ ಪೆನೆಟ್ರೆಂಟ್ ಮಾಡಿಸಿದೆ. ಪಕ್ಕದಲ್ಲೇ ನಿಂತಿದ್ದೆ. ನಮ್ಮ ವೆಲ್ಡರ್ ಅಣ್ಣನಿಗೆ ಈ ಚರ್ಚೆಯ ವೆಲ್ಡಿಂಗ್ ಭಾಗ ಓದಿ ಹೇಳಿದೆ. ಅವರು ಕೊನೆಯಲ್ಲಿ ತಾವೇ ಬೆರಳು ಆಡಿಸಿ, ಒಂದು ಕಡೆ ಕಾಲುವೆ ಸಿಕ್ಕಿತು ಅಂತ ಇನ್ನೊಂದು ಪಾಸ್ ಹಾಕಿದರು.

ಉದ್ದ 150ಕ್ಕೆ ಇಳಿಸಿದೆವು. ವಾಲ್ವ್ ಮತ್ತು ಪ್ಲಗ್ ಸೇರಿ 3.5 ಕೆ.ಜಿ. ಈಗ ಅಡ್ಡ ದಿಕ್ಕಿನಲ್ಲಿ ತಟ್ಟಿದರೆ 58 ಹರ್ಟ್ಸ್ ಬರುತ್ತಿದೆ. ನಾನು ಕಾಗದದ ಮೇಲೆ ಲೆಕ್ಕ ಹಾಕಿದಾಗ 95 ಬರಬೇಕಿತ್ತು. ವ್ಯತ್ಯಾಸ ಯಾಕೆ ಸರ್? ಇದು 60ರ ಹತ್ತಿರ ಇದೆಯಲ್ಲ, ಅದೇ ಭಯ.

ಸ್ಟ್ರೆಸ್_ಲೆಕ್ಕ

ನಿಮ್ಮ ಲೆಕ್ಕ ಬುಡ ಗೋಡೆಯಂತೆ ಗಟ್ಟಿ ಅಂತ ಹಿಡಿದಿದೆ. ನಿಜದಲ್ಲಿ ಬುಡ ಕೂತಿರುವುದು 7 ಮಿ.ಮೀ. ದಪ್ಪದ ಹೆಡರ್ ಗೋಡೆ ಮೇಲೆ. ಅದೂ ಬಾಗುತ್ತದೆ. ಬ್ರಾಂಚ್ ಗಿಡ್ಡ ಆದಷ್ಟೂ ಗೋಡೆಯ ಬಾಗುವಿಕೆಯ ಪಾಲು ಜಾಸ್ತಿ.

ಭಯ ಸರಿಯಾದದ್ದೇ. 20 ಮುಖ್ಯ, ಆದರೆ ಅದರ ಎರಡು, ಮೂರು ಪಟ್ಟಾದ 40, 60ರಲ್ಲೂ ಬಡಿತ ಇರುತ್ತದೆ, ಕಡಿಮೆ ಬಲದಲ್ಲಿ. ಎಪಿಐ 618 (ಇಂಥ ಕಂಪ್ರೆಸರ್‌ಗಳ ಮಾನದಂಡ) ಕೇಳುವ ಕನಿಷ್ಠ ಅಂದರೆ ಓಟದ ವೇಗದ (ಸೆಕೆಂಡಿಗೆ 10 ಸುತ್ತು) 2.4 ಪಟ್ಟು, ನಿಮಗೆ 24 ಹರ್ಟ್ಸ್. ಅದನ್ನು ದಾಟಿದ್ದೀರಿ. ಆದರೂ ಹಳೇ_ಮೇಂಟೆನೆನ್ಸ್ ಸರ್ ಹೇಳಿದ ಬ್ರೇಸ್ ಹಾಕಿ. ಅಡ್ಡ ದಿಕ್ಕಿಗೆ ಖಂಡಿತ ಬೇಕು. ಓಡಿಸಿದ ಮೇಲೆ ಲೋಡ್ ಬದಲಿಸುತ್ತಾ ಕಂಪನ ಅಳೆಯಿರಿ, ಒಂದೇ ಲೋಡ್‌ನಲ್ಲಿ ಅಲ್ಲ.

ಶಿಫ್ಟ್_ಎಂಜಿನಿಯರ್

ಬ್ರೇಸ್ ಹಾಕಿದೆವು ಸರ್. ಈಗ ಅಡ್ಡ ದಿಕ್ಕಿನಲ್ಲಿ 110 ದಾಟಿದೆ. ನಿನ್ನೆಯಿಂದ ಮೆಷಿನ್ ಓಡುತ್ತಿದೆ. 50, 75, 100 ಶೇಕಡಾ ಮೂರೂ ಲೋಡ್‌ನಲ್ಲಿ ಅಳೆದೆ. ಮೊದಲು ವಾಲ್ವ್ ಮೇಲೆ ಕೈ ಇಟ್ಟರೆ ಮೊಣಕೈವರೆಗೂ ಜುಮ್ಮೆನ್ನುತ್ತಿತ್ತು. ಈಗ ಹೆಡರ್ ಮೇಲೆ ಇಟ್ಟಷ್ಟೇ ಅನ್ನಿಸುತ್ತದೆ.

ಅದೇ ಹೆಡರ್‌ನಲ್ಲಿ ಇಂಥವೇ ಇನ್ನೂ ಆರು ಇವೆ. ಎರಡು ವೆಂಟ್, ಮೂರು ಪ್ರೆಷರ್ ಗೇಜ್, ಒಂದು ಡ್ರೈನ್. ಗೇಜ್ ಒಂದರ ಕೆಳಗೆ 400 ಮಿ.ಮೀ. ಪೈಪ್ ಇದೆ. ಆರಕ್ಕೂ ಕೆಂಪು ಟ್ಯಾಗ್ ಕಟ್ಟಿದ್ದೇನೆ. ಸೋಮವಾರ ಮೆಷಿನ್ ಮತ್ತೆ ಎರಡು ಗಂಟೆ ನಿಲ್ಲಿಸಲು ಅನುಮತಿ ಸಿಕ್ಕಿದೆ. ಒಂದೊಂದನ್ನೂ ತಟ್ಟಿ ರೀಡಿಂಗ್ ಇಲ್ಲೇ ಹಾಕುತ್ತೇನೆ.

ಹಳೇ_ಮೇಂಟೆನೆನ್ಸ್

400 ಮಿ.ಮೀ. ಇರುವ ಗೇಜ್‌ನಿಂದ ಶುರು ಮಾಡಿ. ತಟ್ಟುವ ಮೊದಲು ಅದರ ಬುಡಕ್ಕೆ ಡೈ ಪೆನೆಟ್ರೆಂಟ್ ಹಾಕಿ ನೋಡಿ.